ಲೆಕ್ಕದ ಪುಸ್ತಕದಿಂದ ಹೊರಟ ಕಾದಂಬರಿ

"ಕಾದಂಬರಿ ಬರೆಯುತ್ತಿದ್ದೀಯೋ, ತೋಟದ ಲೆಕ್ಕವೋ?" ಹಸ್ತಪ್ರತಿ ಓದಿದ ವಿರಾಜಪೇಟೆಯ ಗೆಳತಿ ಕೇಳಿದ್ದಳು. ಎರಡೂ ಎಂದಿದ್ದೆ. 500 ಪ್ರತಿಗಳಲ್ಲಿ 400ರ ಹತ್ತಿರ ಖರ್ಚಾಗಿರುವುದರಿಂದ ಈಗ ಧೈರ್ಯವಾಗಿ ಹೇಳಿಕೊಳ್ಳಬಹುದು.

ಕಥೆ 1948ರದು. ಮಡಿಕೇರಿಯ ಕ್ಲಬ್ಬು, ಇಸ್ಪೀಟು, ಔತಣಗಳಲ್ಲಿ ಮಿಂಚುವ ದೊಡ್ಡ ತೋಟದ ಮನೆಯ ಸೊಸೆಗೆ ತನ್ನದೇ ಸಂಪಾದನೆ ಬೇಕು. ಮೊದಲ ಎರಡು ಕರಡುಗಳಲ್ಲಿ ಅವಳದು ಬರೀ ಭಾಷಣ. ಸುಮಾರು 300 ಪುಟ ಬಚ್ಚಲೊಲೆಗೆ ಹೋಯಿತು. ಮೂರನೆಯದರಲ್ಲಿ ಗಂಡನಿಗೆ ತಿಳಿಯದಂತೆ 20 ಮೂಟೆ ಕಾಫಿಯನ್ನು ಮೈಸೂರಿನ ವ್ಯಾಪಾರಿಗೆ ಮಾರಿಸಿದೆ. ಗೆದ್ದೆ ಎಂದುಕೊಂಡೆ. ನೆರೆಯ ಹಿರಿಯ ಬೆಳೆಗಾರರೊಬ್ಬರು ಓದಿ ನಕ್ಕರು: "ಏನಮ್ಮಾ, ಆಗ ಕಾಫಿಯೆಲ್ಲ ಮಂಡಳಿಯ ಪೂಲ್‌ಗೆ ಹೋಗಬೇಕಿತ್ತಲ್ಲ?" ಬೆಳೆಗಾರರು ಕಾಫಿಯನ್ನು ತಾವೇ ಮಾರದೆ ಕಾಫಿ ಮಂಡಳಿಯ ಒಟ್ಟು ದಾಸ್ತಾನಿಗೆ, ಅಂದರೆ ಪೂಲ್‌ಗೆ, ಒಪ್ಪಿಸಬೇಕೆಂಬ 1942ರ ಕಾಯ್ದೆ ನನಗೆ ಗೊತ್ತಿಲ್ಲದ್ದೇನಲ್ಲ, ಬರೆಯುವ ಹುಮ್ಮಸ್ಸಿನಲ್ಲಿ ಮರೆತಿದ್ದೆ. ಆರು ಅಧ್ಯಾಯ ಕುಸಿದವು.

ಏಲಕ್ಕಿಗೆ ಪೂಲ್ ಇರಲಿಲ್ಲ. ಕಾಡಂಚಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಏಲಕ್ಕಿ ಮಲೆಯನ್ನು ಅವಳ ಪಾಲಿಗೆ ಬಿಟ್ಟೆ. ಪ್ರತಿ ಅಧ್ಯಾಯದ ಮೊದಲಿಗೆ ಅವಳ ಲೆಕ್ಕದ ಒಂದು ಹಾಳೆ: ಕೂಲಿ, ಸೌದೆ, ಗಾಡಿ ಬಾಡಿಗೆ. ಗಂಡ ಒಂದು ರಾತ್ರಿ ಆ ಪುಸ್ತಕ ತೆರೆಯುತ್ತಾನೆ, ಬೆರಳಿಟ್ಟು ಕೂಡಿಸುತ್ತಾನೆ, ಮತ್ತೆ ಕೂಡಿಸುತ್ತಾನೆ. ಅವನ ಬಾಯಲ್ಲಿ ಒಂದು ಮಾತೂ ಇಡಲಿಲ್ಲ. ಇಡೀ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಪುಟ ನಾನು ಬರೆದಿಲ್ಲ. ಆ ಕಾಲದ ಧಾರಣೆ ಎಲ್ಲಿ ಸಿಕ್ಕಿತೆಂದು ಮಾತ್ರ ಕೇಳಬೇಡಿ. ಮುಂದಿನ ಪುಸ್ತಕಕ್ಕೂ ಅದೇ ಬೇಕು.

ನಡುವೆ ಒಂದು ಹುಚ್ಚು ಪ್ರಯೋಗ. ಹಿಂದೆ ನೆರಿಗೆಯಿಟ್ಟು ಕೊಡವ ಸೀರೆ ಉಟ್ಟು ಆಷಾಢದ ಮಳೆಯಲ್ಲಿ ಏಲಕ್ಕಿ ಇಳಿಜಾರು ಹತ್ತಿದೆ. ಕಾಲಿಗೆ ಹತ್ತಿಪ್ಪತ್ತು ಜಿಗಣೆ. ಆದರೆ ಬಗ್ಗಿದಾಗ ನೆರಿಗೆ ಕಾಲಿಗೆ ತೊಡರಲಿಲ್ಲ. ಆ ಒಂದು ವಾಕ್ಯಕ್ಕಾಗಿ ಮೂರು ದಿನ ಜ್ವರದಲ್ಲಿ ಮಲಗಿದೆ.

ಪ್ರಕಾಶಕರೊಬ್ಬರು, ಕೊನೆಯಲ್ಲಿ ಗಂಡ ಹೆಂಡಿರನ್ನು ಒಂದು ಮಾಡಿದರೆ ಅಚ್ಚು ಹಾಕುತ್ತೇವೆ ಎಂದರು. ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಆ ವರ್ಷದ ಕಾಳುಮೆಣಸಿನ ದುಡ್ಡು, ಸುಮಾರು 80,000 ರೂಪಾಯಿ, ಮುದ್ರಣಕ್ಕೆ ಹೋಯಿತು. ಅಸಲು ಬಂದಿದೆ, ಲಾಭವೆಂದರೆ ಹೊಸ ಕನ್ನಡಕದಷ್ಟು.

ಅಂದು ನಕ್ಕ ಹಿರಿಯರು ಮೂರು ಪ್ರತಿ ಕೊಂಡರು. ವಾರದಲ್ಲೇ ಫೋನ್: ಡಿಸೆಂಬರ್‌ನಲ್ಲಿ ಕಾಫಿ ಹೂ ಅರಳಿಸಿದ್ದೀಯಲ್ಲ, ಹೂಮಳೆ ಯಾವಾಗ ಬಿತ್ತು? ಬೇಸಿಗೆಯ ಆ ಮಳೆ ಬಿದ್ದ ಮೇಲೆಯೇ ಕಾಫಿ ಹೂ ಬಿಡುವುದು. ಎರಡನೆಯ ಮುದ್ರಣದಲ್ಲಿ ಅದನ್ನು ಮಾರ್ಚ್‌ಗೆ ಸರಿಸುತ್ತಿದ್ದೇನೆ.