ಇಂಗ್ಲಿಷ್ ಪ್ರಬಂಧದ ಶೀರ್ಷಿಕೆ: ಎಲ್ಲಿ ದೊಡ್ಡಕ್ಷರ, ಎಲ್ಲಿ ಸಣ್ಣಕ್ಷರ?

ಕನ್ನಡ ಲಿಪಿಗೆ ಈ ತಾಪತ್ರಯ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಸಂಶೋಧನಾ ಪ್ರಬಂಧ ಬರೆಯುವಾಗ ಪ್ರತಿ ಪದಕ್ಕೂ ಕ್ಯಾಪಿಟಲ್ ಹಾಕಿದರೆ ತಿದ್ದುಪಡಿಗೆ ವಾಪಸ್ ಬರುವುದು ಖಚಿತ.

ಮೊದಲು ಯಾವ ಶೈಲಿ, ಅಂದರೆ ಪ್ರಬಂಧ ಬರೆಯುವ ಯಾವ ನಿಯಮಾವಳಿ ಬೇಕೆಂದು ಗೈಡ್ ಹತ್ತಿರ ಕೇಳಿಕೊಳ್ಳಿ. ಮನಶ್ಶಾಸ್ತ್ರ, ಶಿಕ್ಷಣದಲ್ಲಿ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್), ಸಾಹಿತ್ಯದಲ್ಲಿ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್), ಇತಿಹಾಸದಲ್ಲಿ ಶಿಕಾಗೊ ಶೈಲಿ ಹೆಚ್ಚು ಬಳಕೆಯಲ್ಲಿವೆ.

‘ಮಾರ್ಕೆಟಿಂಗ್ ಆಫ್ ರಾಗಿ ಇನ್ ಕರ್ನಾಟಕ: ಎ ಸ್ಟಡಿ ಫ್ರಮ್ ಹಾಸನ್’ ಎಂಬ ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ಎಪಿಎ ಪ್ರಕಾರ ‘ಆಫ್’, ‘ಇನ್’ ಎರಡೇ ಸಣ್ಣಕ್ಷರದಲ್ಲಿ. ‘ಎ’ ಒಂದೇ ಅಕ್ಷರದ್ದಾದರೂ ಕೋಲನ್ ನಂತರದ ಮೊದಲ ಪದ, ಹಾಗಾಗಿ ದೊಡ್ಡದು. ‘ಫ್ರಮ್’ ಕೂಡ ದೊಡ್ಡದು. ನಾಲ್ಕು ಅಥವಾ ಹೆಚ್ಚು ಅಕ್ಷರಗಳ ಪದ ಯಾವುದಾದರೂ ಎಪಿಎಗೆ ಕ್ಯಾಪಿಟಲ್ಲೇ. ಎಂಎಲ್‌ಎ ಇದನ್ನು ಒಪ್ಪುವುದಿಲ್ಲ: ಪ್ರಿಪೊಸಿಷನ್ (‘ಇನ್’, ‘ಫ್ರಮ್’ನಂಥ ಸಂಬಂಧಸೂಚಕ ಪದ) ಎಷ್ಟೇ ಉದ್ದವಿರಲಿ, ಸಣ್ಣಕ್ಷರ. ಶಿಕಾಗೊ ಕೂಡ ಹಾಗೇ ಹೇಳುತ್ತಿತ್ತು. 2024ರ 18ನೇ ಆವೃತ್ತಿಯಿಂದ ಐದಕ್ಷರ ಮುಟ್ಟಿದ ಪ್ರಿಪೊಸಿಷನ್‌ಗೆ ದೊಡ್ಡಕ್ಷರ ಕೊಟ್ಟಿದೆ. ಅಲ್ಲಿಗೆ ‘ಬಿಟ್ವೀನ್’ ದೊಡ್ಡದಾಯಿತು, ‘ಫ್ರಮ್’ ಸಣ್ಣದಾಗಿಯೇ ಉಳಿಯಿತು.

ಎಲ್ಲರೂ ಎಡವುವುದು ‘ಈಸ್’, ‘ಇಟ್’ ಬಳಿ. ಎರಡೇ ಅಕ್ಷರವೆಂದು ಸಣ್ಣದಾಗಿ ಬರೆಯಬೇಡಿ: ಒಂದು ಕ್ರಿಯಾಪದ, ಇನ್ನೊಂದು ಸರ್ವನಾಮ. ಮೂರು ಶೈಲಿಗಳಲ್ಲೂ ಇವಕ್ಕೆ ಕ್ಯಾಪಿಟಲ್ ಬೇಕು. ಕೃಷಿ, ಸಸ್ಯಶಾಸ್ತ್ರದವರು ಇನ್ನೊಂದು ಗಮನಿಸಿ: ರಾಗಿಯ ವೈಜ್ಞಾನಿಕ ಹೆಸರು ಎಲ್ಯುಸಿನ್ ಕೊರಕಾನದಲ್ಲಿ ಎರಡನೆಯ ಪದ ಶೀರ್ಷಿಕೆಯಲ್ಲೂ ಸಣ್ಣಕ್ಷರದಲ್ಲೇ ಇರಬೇಕು.

ಮುಂದೆ ಒಳ ಶೀರ್ಷಿಕೆಗಳು. ಎಪಿಎ 7ನೇ ಆವೃತ್ತಿಯಲ್ಲಿ ಐದೂ ಹಂತಗಳಿಗೆ ಮೇಲಿನ ನಿಯಮವೇ. 6ನೆಯದರಲ್ಲಿ ಮೂರನೇ ಹಂತದಿಂದ ಕೆಳಗೆ ಮೊದಲ ಪದ ಮತ್ತು ಅಂಕಿತನಾಮಕ್ಕಷ್ಟೇ ಕ್ಯಾಪಿಟಲ್ ಇತ್ತು. ಸೀನಿಯರ್‌ಗಳ ಹಳೆಯ ಪ್ರಬಂಧವನ್ನು ಮಾದರಿಗೆ ಇಟ್ಟುಕೊಂಡವರು ದಾರಿ ತಪ್ಪುವುದು ಇಲ್ಲೇ.

ಎಪಿಎ ಆಕರ ಪಟ್ಟಿಯ ಲೆಕ್ಕ ಬೇರೆ. ಅಲ್ಲಿ ಅದೇ ರಾಗಿ ಲೇಖನದಲ್ಲಿ ‘ಮಾರ್ಕೆಟಿಂಗ್’, ‘ಕರ್ನಾಟಕ’, ‘ಎ’, ‘ಹಾಸನ್’ ಈ ನಾಲ್ಕಕ್ಕೆ ಮಾತ್ರ ದೊಡ್ಡಕ್ಷರ. ಜರ್ನಲ್‌ನ ಹೆಸರಿಗೆ ಮಾತ್ರ ಪೂರ್ತಿ ಕ್ಯಾಪಿಟಲ್ ಮರ್ಯಾದೆ.

ವರ್ಡ್‌ನಲ್ಲಿ ಶಿಫ್ಟ್ ಹಿಡಿದು ಎಫ್3 ಒತ್ತುತ್ತಾ ಹೋದರೆ ಕೆಲಸ ಆಯಿತೆಂದುಕೊಳ್ಳಬೇಡಿ. ‘ಆಫ್’, ‘ಇನ್’ಗಳನ್ನೂ ಅದು ದೊಡ್ಡದು ಮಾಡುತ್ತದೆ. ಆಕರಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಬಳಸುವವರು ಶೀರ್ಷಿಕೆಗಳನ್ನು ಆಕರ ಪಟ್ಟಿಯ ರೀತಿಯಲ್ಲೇ, ಕಡಿಮೆ ಕ್ಯಾಪಿಟಲ್ ಹಾಕಿ ಉಳಿಸಿಡಿ. ಬೇಕಾದಾಗ ಸಣ್ಣದನ್ನು ದೊಡ್ಡದು ಮಾಡಲು ಅದಕ್ಕೆ ಬರುತ್ತದೆ. ದೊಡ್ಡದನ್ನು ಸಣ್ಣದು ಮಾಡುವಾಗ ಯಾವುದು ಊರಿನ ಹೆಸರು, ಯಾವುದು ಅಲ್ಲ ಎಂದು ನೀವೇ ಹೇಳಬೇಕು.