ಕಾದಂಬರಿಯೂ ಮುಗಿಯಬೇಕು, ಬರೆಯುವ ಸಾಫ್ಟ್‌ವೇರೂ ಆಗಬೇಕು ಅನ್ನುವವರಿಗೆ

ಹಗಲು ಬೆಂಗಳೂರಿನ ಕಂಪನಿಗೆ ದಾವಣಗೆರೆಯ ಮನೆಯಿಂದಲೇ ಕೆಲಸ, ರಾತ್ರಿ ಕನ್ನಡದಲ್ಲಿ ಕಾದಂಬರಿ. ಹೀಗೆ ಕೂರುವ ಹುಡುಗ ಹುಡುಗಿಯರು ಈಗ ನಮ್ಮೂರಲ್ಲಿ ಸಾಕಷ್ಟಿದ್ದಾರೆ. ಇಂಗ್ಲಿಷ್‌ಗೆಂದು ಮಾಡಿದ ಆ್ಯಪ್‌ಗಳಲ್ಲಿ ಕನ್ನಡ ಸರಿಯಾಗಿ ಕೂರುವುದಿಲ್ಲ, ಅದಕ್ಕೆ ತಾವೇ ಒಂದು ಮಾಡಿಕೊಳ್ಳಲು ಹೊರಡುತ್ತಾರೆ. ಆಸೆ ಒಳ್ಳೆಯದೇ. ಆದರೆ ನಾನು ನೋಡಿದ ಬಹಳಷ್ಟು ಜನರ ಆ್ಯಪ್‌ಗೆ ಬಣ್ಣಬಣ್ಣದ ಥೀಮ್ ಬಂದಿದೆ, ಲಾಗಿನ್ ಪುಟ ಬಂದಿದೆ, ಕಾದಂಬರಿ ಮಾತ್ರ ಮೂರನೇ ಅಧ್ಯಾಯ ದಾಟಿಲ್ಲ. ಎರಡನ್ನೂ ಮುಗಿಸಬಹುದು. ಯಾವುದು ಮೊದಲು ಅನ್ನುವುದು ತಪ್ಪಬಾರದು, ಅಷ್ಟೇ.

ಮೊದಲ ಹೆಜ್ಜೆ: ಸಾಫ್ಟ್‌ವೇರ್ ಮುಟ್ಟುವ ಮೊದಲು ಎರಡು ಅಧ್ಯಾಯ ಬರೆಯಿರಿ. ನೋಟ್‌ಪ್ಯಾಡ್ ಸಾಕು. ಅಧ್ಯಾಯಕ್ಕೊಂದು ಸಾದಾ ಟೆಕ್ಸ್ಟ್ ಫೈಲ್, ಯುಟಿಎಫ್-8ನಲ್ಲಿ, ಅಂದರೆ ಕನ್ನಡ ಅಕ್ಷರಗಳು ಕೆಡದಂತೆ ಉಳಿಸುವ ಬಗೆಯಲ್ಲಿ. ಡೇಟಾಬೇಸ್ ಬೇಡವೇ ಬೇಡ. ನಾಳೆ ನಿಮ್ಮ ಪ್ರೋಗ್ರಾಂ ಕೈಕೊಟ್ಟರೂ ಟೆಕ್ಸ್ಟ್ ಫೈಲ್ ಎಲ್ಲಿ ಬೇಕಾದರೂ ತೆರೆಯುತ್ತದೆ. ಟೈಪ್ ಮಾಡುವುದು, ಎಲ್ಲ ಕಂಪ್ಯೂಟರಿನಲ್ಲೂ ಅಕ್ಷರಕ್ಕೆ ಒಂದೇ ಸಂಕೇತ ಇರುವ ಯೂನಿಕೋಡ್‌ನಲ್ಲೇ ಇರಲಿ. ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳೆರಡರಲ್ಲೂ ಆ ಆಯ್ಕೆ ಇದೆ. ಡಿಟಿಪಿ ಅಂಗಡಿಯವರು ಕೇಳುತ್ತಾರೆಂದು ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆಯಲು ಹೋಗಬೇಡಿ. ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರಿಗೆ ಅದು ಕನ್ನಡವಲ್ಲ. ಫಾಂಟ್ ಬದಲಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಗಡಿಗೆ ಬೇಕಾದರೆ ಕೊನೆಯಲ್ಲಿ ಬದಲಿಸಿಕೊಂಡರಾಯಿತು.

ಎರಡನೆಯದು: ಪ್ರೋಗ್ರಾಂಗೆ ಮೂರೇ ಕೆಲಸ ಕೊಡಿ. ಫೈಲ್ ತೆರೆಯುವುದು, ತಾನೇ ಉಳಿಸುವುದು, ಬರೆದದ್ದೆಷ್ಟು ಅಂತ ಎಣಿಸುವುದು. ಉಳಿಸುವಾಗ ಹಳೆಯ ಫೈಲ್ ಮೇಲೆ ನೇರವಾಗಿ ಬರೆಯಬೇಡಿ. ಪಕ್ಕದಲ್ಲಿ ತಾತ್ಕಾಲಿಕ ಫೈಲ್ ಬರೆದು, ಅದು ಪೂರ್ತಿ ಆದಮೇಲೆ ಹೆಸರು ಬದಲಿಸಿ. ನಡುವೆ ಕರೆಂಟ್ ಹೋದರೂ ಹಳೆಯದು ಹಾಗೇ ಉಳಿದಿರುತ್ತದೆ.

ಎಣಿಕೆಯಲ್ಲಿ ಎಲ್ಲರೂ ಎಡವುತ್ತಾರೆ. ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ‘ಚಿತ್ರದುರ್ಗ’ ಪದದ ಉದ್ದ ಕೇಳಿ ನೋಡಿ, 10 ಅನ್ನುತ್ತದೆ. ನಮ್ಮ ಕಣ್ಣಿಗೆ ಚಿ, ತ್ರ, ದು, ರ್ಗ ನಾಲ್ಕೇ ಅಕ್ಷರ. ಗುಡಿಸು, ಕೊಂಬು, ಅರ್ಧಾಕ್ಷರದ ಚಿಹ್ನೆ ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಇನ್ನೊಂದು, ಕಣ್ಣಿಗೆ ಕಾಣದ ಚಿಹ್ನೆಗಳನ್ನು ‘ಕ್ಲೀನ್’ ಮಾಡುವ ರೆಡಿಮೇಡ್ ಕೋಡ್ ಸಿಗುತ್ತದಲ್ವಾ, ಅದನ್ನು ಹಾಕಲೇಬೇಡಿ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಟ್ ಮತ್ತು ವೇ ನಡುವೆ ಅಂಥದ್ದೊಂದು ಚಿಹ್ನೆ ಕೂತಿರುತ್ತದೆ. ಅದು ಹೋದರೆ ವ ಒತ್ತಕ್ಷರವಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ಅಧ್ಯಾಯದ ತುಂಬ ಹೀಗಾದ ಮೇಲೆ ಒಂದೊಂದಾಗಿ ತಿದ್ದುವುದಿದೆಯಲ್ಲ, ಆ ಕೆಲಸ ಯಾರಿಗೂ ಬೇಡ.

ದಿನದ ಗುರಿಯನ್ನು ಪದಗಳಲ್ಲಿ ಇಟ್ಟುಕೊಳ್ಳಬೇಡಿ. ಅಮೆರಿಕದಲ್ಲಿ 1999ರಲ್ಲಿ ಶುರುವಾದ, ಒಂದೇ ತಿಂಗಳಲ್ಲಿ 50,000 ಪದ ಬರೆಯುವ ಸವಾಲನ್ನು ನಮ್ಮವರೂ ಹಿಡಿದುಕೊಂಡಿದ್ದಾರೆ. ಅದು ಇಂಗ್ಲಿಷ್ ಲೆಕ್ಕ. ‘ಬರೆದುಕೊಂಡಿದ್ದವನಿಗೆ’ ಅನ್ನುವುದು ನಮಗೆ ಒಂದೇ ಪದ, ಇಂಗ್ಲಿಷ್‌ನಲ್ಲಿ ಅದಕ್ಕೆ ಅರ್ಧ ಸಾಲು ಬೇಕು. ದಿನಕ್ಕೊಂದು ದೃಶ್ಯ ಅಂತ ಇಟ್ಟುಕೊಳ್ಳಿ, ಸಾಕು. ಕಾಗುಣಿತ ತಿದ್ದುವ ಕೆಂಪು ಗೆರೆಯನ್ನೂ ಆಫ್ ಮಾಡಿ, ವಿಭಕ್ತಿ ಅಂಟಿದ ಒಳ್ಳೆಯ ಪದಗಳಿಗೂ ಅದು ಗೆರೆ ಎಳೆಯುತ್ತದೆ. ಫೋನಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದು ವರ್ಣನೆಗೆ ಓಕೆ. ಸಂಭಾಷಣೆಗೆ ಬೇಡ, ನಮ್ಮ ಕಡೆಯ ಮನೆಮಾತನ್ನು ಅದು ಪುಸ್ತಕದ ಮಾತು ಮಾಡಿಬಿಡುತ್ತದೆ.

ಇನ್ನು ನಿಜವಾಗಿ ಕಷ್ಟದ ಘಟ್ಟ. ಕಾದಂಬರಿ ಅರ್ಧಕ್ಕೆ ಬಂದಿದೆ. ಹತ್ತಿ ಮಿಲ್ಲು ಮುಚ್ಚಿದ ದಿನ ಅಪ್ಪ ಸೈಕಲ್ ತಳ್ಳಿಕೊಂಡು ಮನೆಗೆ ಬರುತ್ತಾನೆ, ಬಾಗಿಲಲ್ಲಿ ಅಮ್ಮ ನಿಂತಿದ್ದಾಳೆ, ಅವಳು ಏನು ಕೇಳುತ್ತಾಳೆ ಅನ್ನುವುದು ನಿಮಗೆ ಹೊಳೆಯುತ್ತಿಲ್ಲ. ಅದೇ ಹೊತ್ತಿಗೆ ಸಾಲುಗಳ ನಡುವಿನ ಜಾಗ ಸ್ವಲ್ಪ ಜಾಸ್ತಿ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಕೋಡ್ ತೆರೆಯುತ್ತೀರಿ. ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ, ಖುಷಿಯಾಗುತ್ತದೆ, ಇನ್ನೊಂದು ಕಣ್ಣಿಗೆ ಬೀಳುತ್ತದೆ, ಅಷ್ಟರಲ್ಲಿ ರಾತ್ರಿ ಒಂದು ಗಂಟೆ, ಅಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ. ಕೋಡ್ ನಡೆಯಿತೋ ಇಲ್ಲವೋ ಅಂತ ತಕ್ಷಣ ಗೊತ್ತಾಗುತ್ತದೆ, ದೃಶ್ಯ ಚೆನ್ನಾಗಿ ಬಂತೋ ಇಲ್ಲವೋ ಅಂತ ತಿಂಗಳಾದರೂ ಗೊತ್ತಾಗುವುದಿಲ್ಲ. ಅದಕ್ಕೇ ಕೈ ಆ ಕಡೆ ಹೋಗುವುದು. ಸೋಮಾರಿತನ ಅಲ್ಲ, ಅಂಜಿಕೆ.

ಇದಕ್ಕೆ ನಾನು ಎಲ್ಲರಿಗೂ ಹೇಳುವುದು ಹೀಗೆ. ‘ತಕರಾರು’ ಅಂತ ಒಂದು ಫೈಲ್ ಇಡಿ. ಬರೆಯುವಾಗ ಸಾಫ್ಟ್‌ವೇರಿನಲ್ಲಿ ಏನೇ ಕೊರತೆ ಕಂಡರೂ ಅಲ್ಲಿ ಒಂದೇ ಸಾಲು ಗೀಚಿ ವಾಪಸ್ ಬನ್ನಿ. ಕೋಡ್ ತೆರೆಯುವುದು ಭಾನುವಾರ ಮಾತ್ರ, ಅದೂ ಆ ವಾರದ ದೃಶ್ಯಗಳು ಮುಗಿದಿದ್ದರೆ. ಭಾನುವಾರ ಪಟ್ಟಿ ನೋಡಿದಾಗ ನಿಜವಾಗಿ ಬರವಣಿಗೆ ನಿಲ್ಲಿಸಿದ್ದು ಯಾವುದು, ಸುಮ್ನೆ ಕಣ್ಣಿಗೆ ಚುಚ್ಚಿದ್ದು ಯಾವುದು ಅಂತ ತಾನೇ ಬೇರೆಯಾಗುತ್ತದೆ. ಮೊದಲನೆಯದನ್ನಷ್ಟೇ ಸರಿಮಾಡಿ. ಅಮ್ಮನ ಮಾತು ಹೊಳೆಯದಿದ್ದರೆ ಆ ಜಾಗದಲ್ಲಿ ಎರಡು ಸ್ಟಾರ್ ಹಾಕಿ, ‘ಇಲ್ಲಿ ಅಮ್ಮ ಕೇಳುತ್ತಾಳೆ, ಅಪ್ಪ ಸುಳ್ಳು ಹೇಳುತ್ತಾನೆ’ ಅಂತ ಬರೆದು ಮುಂದಿನ ದೃಶ್ಯಕ್ಕೆ ಹೋಗಿ. ಎಲ್ಲ ಅಧ್ಯಾಯಗಳಲ್ಲಿರುವ ಸ್ಟಾರ್ ಸಾಲುಗಳನ್ನು ಒಂದೇ ಕಡೆ ತೋರಿಸುವ ಪುಟ್ಟ ಸೌಲಭ್ಯ, ಡ್ರಾಫ್ಟ್ ನಡುವೆ ಮಾಡಬಹುದಾದ ಹೊಸ ಕೆಲಸ ಅದೊಂದೇ.

ಪಾತ್ರದ ಹೆಸರು ಬದಲಿಸುವ ಆಸೆಯೂ ಈ ಘಟ್ಟದಲ್ಲೇ ಬರುತ್ತದೆ. ‘ಬಸವ’ ತೆಗೆದು ‘ಮಂಜು’ ಹಾಕಿದರೆ ‘ಬಸವನಿಗೆ’ ಹೋಗಿ ‘ಮಂಜುನಿಗೆ’ ಆಗುತ್ತದೆ, ಆಗಬೇಕಾದ್ದು ‘ಮಂಜುವಿಗೆ’. ಇದನ್ನು ಸರಿಮಾಡಲು ವಿಭಕ್ತಿ ಗೊತ್ತಿರುವ ಪ್ರೋಗ್ರಾಂ ಬರೆಯುತ್ತೇನೆ ಅಂತ ಹೊರಟವರು ಕಾದಂಬರಿ ಕಡೆ ತಿರುಗಿ ಬರುವುದಿಲ್ಲ. ಇವತ್ತಿನ ಪುಟದಿಂದ ಮಂಜು ಅಂತಲೇ ಬರೆಯಿರಿ. ಹಿಂದಿನದು ಎರಡನೇ ಡ್ರಾಫ್ಟ್‌ಗಿರಲಿ.

ಬ್ಯಾಕಪ್: ಫೈಲಿನ ಹಳೆಯ ರೂಪಗಳನ್ನೆಲ್ಲ ಇಟ್ಟುಕೊಳ್ಳುವ ಗಿಟ್ ಬಳಸಲು ಬಂದರೆ ದಿನಾ ರಾತ್ರಿ ಒಂದು ಕಮಿಟ್ (ಆ ದಿನದ ರೂಪದ ದಾಖಲೆ) ಮಾಡಿ ಹೊರಗಿನ ಸರ್ವರಿಗೂ ಕಳಿಸಿ, ಬಾರದಿದ್ದರೆ ಪೆನ್‌ಡ್ರೈವ್.

ಕೊನೆಯ ದೃಶ್ಯ ಬರೆದ ದಿನ ಎಲ್ಲ ಅಧ್ಯಾಯಗಳನ್ನು ಸೇರಿಸಿ ಪಿಡಿಎಫ್ ಮಾಡಿ ಪ್ರಿಂಟ್ ತೆಗೆಸಿ. ವರ್ಡ್ ಫೈಲ್ ಕೊಟ್ಟರೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಪುಟಗಳೆಲ್ಲ ಹಿಂದೆಮುಂದಾಗುತ್ತವೆ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರಲಿ. ನನಗೆ ಹಿಡಿಸಿದ್ದು ನೋಟೊ ಸೆರಿಫ್ ಕನ್ನಡ, ಒತ್ತಕ್ಷರಗಳು ಸ್ಪಷ್ಟವಾಗಿ ಬರುತ್ತವೆ. ಸಾಲುಗಳ ನಡುವೆ ಜಾಗ ಬಿಡಿ, ಬಲಗಡೆ ಪೆನ್ಸಿಲ್ಲಿನಲ್ಲಿ ಬರೆಯುವಷ್ಟು ಅಂಚು ಬಿಡಿ, ಮೊದಲು ಒಂದೇ ಪುಟ ತೆಗೆಸಿ ನೋಡಿ ಆಮೇಲೆ ಉಳಿದದ್ದನ್ನು ಕೊಡಿ. ಆ ಪ್ರಿಂಟನ್ನು ಪೂರ್ತಿ ಓದಿದ ಮೇಲೆ ‘ತಕರಾರು’ ಫೈಲ್ ತೆರೆದು, ಥೀಮ್, ಲಾಗಿನ್ ಯಾವುದು ಬೇಕೋ ಅದನ್ನು ಶುರುಮಾಡಿ.