ಎನ್‌ಬಿಎ ಟ್ರೇಡ್‌ನಲ್ಲಿ ಗೆದ್ದವರು ಯಾರು, ಸೋತವರು ಯಾರು: ನಾನು ಲೆಕ್ಕ ಹಾಕುವ ಬಗೆ

2022ರ ಜುಲೈನಲ್ಲಿ ಮಿನೆಸೋಟ ಟಿಂಬರ್‌ವುಲ್ವ್ಸ್ ತಂಡ ಯೂಟಾದಿಂದ ರೂಡಿ ಗೊಬೇರ್‌ನನ್ನು ತಂದಾಗ ಐವರು ಆಟಗಾರರು, ನಾಲ್ಕು ಮೊದಲ ಸುತ್ತಿನ ಪಿಕ್ (ಹೊಸ ಆಟಗಾರರನ್ನು ಆರಿಸುವ ವಾರ್ಷಿಕ ಡ್ರಾಫ್ಟ್‌ನಲ್ಲಿನ ಸರದಿ), 2026ರ ಒಂದು ಸ್ವಾಪ್ (ಎರಡು ತಂಡಗಳ ಪಿಕ್‌ಗಳಲ್ಲಿ ಒಳ್ಳೆಯದನ್ನು ಅದಲುಬದಲು ಮಾಡಿ ಪಡೆಯುವ ಹಕ್ಕು) ಇಷ್ಟನ್ನೂ ಕೊಟ್ಟಿತು. ಮಿನೆಸೋಟ ಮುಳುಗಿತು ಎಂದೇ ಎಲ್ಲರ ತೀರ್ಪು. ನನ್ನ ಎಕ್ಸೆಲ್ ಶೀಟ್ ಮಾತ್ರ ಮಿನೆಸೋಟಕ್ಕೆ ಸಣ್ಣ ನಷ್ಟ, ಯೂಟಾಗೆ ಒಳ್ಳೆಯ ಲಾಭ ಎಂದು ತೋರಿಸಿತು. ಮರುವರ್ಷ ಮಿನೆಸೋಟ 42-40ರಲ್ಲಿ (42 ಗೆಲುವು, 40 ಸೋಲು) ಮುಗಿಸಿದಾಗ ಬಾಸ್ಕೆಟ್‌ಬಾಲ್ ನೋಡುವ ಗೆಳೆಯರು ಈ ಶೀಟನ್ನು ಚೆನ್ನಾಗಿಯೇ ಆಡಿಕೊಂಡರು. ಆಮೇಲೆ 56 ಗೆಲುವು, 2024 ಮತ್ತು 2025ರಲ್ಲಿ ಸತತ ಎರಡು ವೆಸ್ಟ್ ಫೈನಲ್ (ಲೀಗ್‌ನ ಪಶ್ಚಿಮ ಗುಂಪಿನ ಫೈನಲ್) ಬಂದವು. ಕೊಟ್ಟ ಪಿಕ್‌ಗಳಲ್ಲಿ ಮೊದಲೆರಡು ಬಿದ್ದದ್ದು 16 ಮತ್ತು 21ನೇ ಜಾಗಕ್ಕೆ; ಸರದಿ ಹಿಂದಾದಷ್ಟೂ ಪಿಕ್‌ನ ಬೆಲೆ ಕಡಿಮೆ. ವಿಧಾನವನ್ನು ಬರೆದಿಡಲು ಈಗ ಹೊತ್ತು ಬಂದಿದೆ.

ಮೊದಲು, ಕೆಲಸಕ್ಕೆ ಬಾರದ ದಾರಿಗಳು. ಬಂದವರ ಸರಾಸರಿ ಪಾಯಿಂಟ್ ಕೂಡಿ ಹೋದವರದ್ದನ್ನು ಕಳೆಯುವ ಲೆಕ್ಕ ಮೊದಲ ವಾರದಲ್ಲೇ ಸಾಯುತ್ತದೆ. ಮೂವರು ಸಾಧಾರಣ ಆಟಗಾರರು ಸೇರಿದರೆ ಒಬ್ಬ ಸ್ಟಾರ್ ಎಂದು ಅದು ಹೇಳುತ್ತದೆ. ಆದರೆ ಅಂಗಳದಲ್ಲಿ ನಿಲ್ಲುವವರು ಐದೇ ಮಂದಿ, ಒಂದು ಪಂದ್ಯಕ್ಕೆ ಇರುವುದು 240 ಆಟಗಾರ-ನಿಮಿಷ ಮಾತ್ರ. ಮೂವರನ್ನು ತಂದವನು ಬೆಂಚಿನಿಂದ ಇಬ್ಬರ ನಿಮಿಷ ಕಿತ್ತು ಕೊಡಬೇಕು. ಎರಡನೆಯದು ಬೆಟ್ಟಿಂಗ್ ದರ. ಟ್ರೇಡ್ ಆದ ರಾತ್ರಿ ಚಾಂಪಿಯನ್‌ಷಿಪ್ ದರ ಎಷ್ಟು ಸರಿಯಿತು ಅನ್ನುವುದನ್ನೇ ಅಂಕವಾಗಿಸಿ ಒಂದಷ್ಟು ಕಾಲ ನೋಡಿದೆ. ಲೇಕರ್ಸ್‌ನಂಥ ತಂಡದ ಮೇಲೆ ಅಭಿಮಾನಿಗಳು ಕಣ್ಣುಮುಚ್ಚಿ ದುಡ್ಡು ಹಾಕುವುದರಿಂದ ಅದು ಯಾವಾಗಲೂ ಒಂದೇ ಕಡೆ ವಾಲುತ್ತದೆ. ಮೂರನೆಯದು ಜೆರ್ಸಿ ಮಾರಾಟ. ಜೆರ್ಸಿಯ ಲೀಗ್ ಆದಾಯ ಮೂವತ್ತೂ ತಂಡಗಳಿಗೆ ಹಂಚಿಹೋಗುವ ಕಾರಣ ಆ ಕಾಲಮ್ಮನ್ನೇ ಅಳಿಸಿದೆ. ಚಂದಾ ಕಟ್ಟಿ ಟ್ರ್ಯಾಕಿಂಗ್ ಡೇಟಾ ಕೂಡ ತೆಗೆದುಕೊಂಡು ನೋಡಿದ್ದಾಯಿತು. ದುಡ್ಡು ಹೋಯಿತೇ ಹೊರತು ಒಂದು ಟ್ರೇಡ್‌ನ ತೀರ್ಪೂ ಬದಲಾಗಲಿಲ್ಲ. ಪುಕ್ಕಟೆ ಸಿಗುವ ವಿಒಆರ್‌ಪಿ (ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಒಬ್ಬ ಎಷ್ಟು ಹೆಚ್ಚು ಕೊಡುತ್ತಾನೆ ಎಂಬ ಅಳತೆ), ಒಪ್ಪಂದದ ವಿವರ, ಪಿಕ್‌ಗಳ ಷರತ್ತು ಇಷ್ಟಿದ್ದರೆ ಸಾಕು.

ಇಡೀ ಶೀಟಿನ ಒಂದೇ ಮಾನ ಕ್ಯಾಪ್‌ನ, ಅಂದರೆ ಒಂದು ತಂಡದ ಸಂಬಳಕ್ಕೆ ಲೀಗ್ ಹಾಕುವ ಮಿತಿಯ, ಶೇಕಡಾ. ಡಾಲರ್‌ನಲ್ಲಿ ಬರೆದರೆ ಎರಡು ವರ್ಷಕ್ಕೆ ಲೆಕ್ಕ ಹಳಸುತ್ತದೆ. ಕ್ಯಾಪ್ 2024-25ರಲ್ಲಿ ಸುಮಾರು 14.06 ಕೋಟಿ ಡಾಲರ್ ಇತ್ತು, ಮರುವರ್ಷವೇ 15.46 ಕೋಟಿ ಆಯಿತು. ವಿಒಆರ್‌ಪಿಯನ್ನು 2.7ರಿಂದ ಗುಣಿಸಿದರೆ ಗೆಲುವುಗಳು ಸಿಗುತ್ತವೆ. ಗೆಲುವಿಗೆ ಬೆಲೆ ಕಟ್ಟುವುದು ಹೀಗೆ: ಬರೀ ಕನಿಷ್ಠ ಸಂಬಳದವರನ್ನು ಕೂಡಿಸಿದ ತಂಡ ಹತ್ತು ಪಂದ್ಯ ಗೆದ್ದೀತು, ಸರಾಸರಿ ತಂಡ 41 ಗೆಲ್ಲುತ್ತದೆ. ನಡುವಿನ ಮೂವತ್ತು ಚಿಲ್ಲರೆ ಗೆಲುವಿಗೆ ಕ್ಯಾಪ್‌ನ ಶೇ 90ರಷ್ಟು ಖರ್ಚಾಗುತ್ತದೆ. ಅಂದರೆ ಒಂದು ಗೆಲುವಿಗೆ ಶೇ 3. ಆಟಗಾರ ತರುವ ಗೆಲುವು ಗುಣಿಸು 3, ಅದರಲ್ಲಿ ಅವನ ಸಂಬಳದ ಶೇಕಡಾ ಕಳೆ. ಉಳಿದದ್ದು ಅವನ ಮಿಗತೆ, ಶೇ 1ಕ್ಕೆ ಒಂದು ಅಂಕ. ಟ್ರೇಡ್‌ನಲ್ಲಿ ಕೈ ಬದಲಾಗುವುದು ಈ ಮಿಗತೆ, ಆಟಗಾರನ ಹೆಸರಲ್ಲ.

ಲೂಕಾ ಡಾನ್ಚಿಚ್ ಟ್ರೇಡನ್ನೇ ತೆಗೆದುಕೊಳ್ಳಿ. 2025ರ ಫೆಬ್ರವರಿ 2, ಭಾನುವಾರ, ಸುದ್ದಿ ಒಡೆದಾಗ ನಮ್ಮಲ್ಲಿ ಬೆಳಿಗ್ಗೆ ಹತ್ತೂವರೆ ದಾಟಿತ್ತು, ಮಧ್ಯಾಹ್ನದ ಊಟದ ಹೊತ್ತಿಗೆ ಶೀಟ್ ತುಂಬಿತ್ತು. ಲೇಕರ್ಸ್‌ಗೆ ಡಾನ್ಚಿಚ್, ಮ್ಯಾಕ್ಸಿ ಕ್ಲೀಬರ್, ಮಾರ್ಕೀಫ್ ಮಾರಿಸ್. ಡಲ್ಲಾಸ್‌ಗೆ ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಲೇಕರ್ಸ್‌ನ 2029ರ ಮೊದಲ ಸುತ್ತಿನ ಪಿಕ್. ಯೂಟಾಗೆ ಜೇಲನ್ ಹುಡ್-ಶಿಫಿನೊ ಮತ್ತು ಎರಡು ಎರಡನೇ ಸುತ್ತಿನ ಪಿಕ್. ಆ ದಿನದ ಸಂಬಳದಲ್ಲಿ ಇಬ್ಬರು ಸ್ಟಾರ್‌ಗಳಿಗೂ ವ್ಯತ್ಯಾಸವೇ ಇಲ್ಲ: ಇಬ್ಬರಿಗೂ 4.3 ಕೋಟಿ ಡಾಲರ್ ಆಸುಪಾಸು, ಕ್ಯಾಪ್‌ನ ಶೇ 31ಕ್ಕೆ ಹತ್ತಿರ. ಬಹುಮಂದಿ ಇಲ್ಲಿಗೇ ನಿಂತು ಬರೀ ಆಟ ತೂಗಿದರು. ಮುಂದಿನ ಸಾಲನ್ನು ನೋಡಬೇಕು. 2025-26ರಲ್ಲಿ ಡೇವಿಸ್ ಸಂಬಳ 5.4 ಕೋಟಿಗೆ ಏರುತ್ತದೆ, ಶೇ 35. ಡಾನ್ಚಿಚ್‌ನದ್ದು 4.6 ಕೋಟಿ, ಶೇ 30ಕ್ಕೂ ಒಳಗೆ. ನನ್ನ ಅಂದಾಜಿನಲ್ಲಿ 25ರ ಡಾನ್ಚಿಚ್ ವರ್ಷಕ್ಕೆ 15 ಗೆಲುವು, 31ರ ಡೇವಿಸ್ 10, ಅದೂ ಇಳಿಮುಖ. ಡಾನ್ಚಿಚ್ 45ರಲ್ಲಿ 30 ಹೋದರೆ 15 ಮಿಗುತ್ತದೆ. ಡೇವಿಸ್ 28 ಅಥವಾ 29ರಲ್ಲಿ 35 ಹೋದರೆ ಆರೇಳು ಅಂಕ ಮೈನಸ್. ಕ್ರಿಸ್ಟಿಯಿಂದ ವರ್ಷಕ್ಕೆ ಎರಡು ಮೂರು ಅಂಕ ಬಂದರೂ ಈ ಕಂದಕ ತುಂಬುವುದಿಲ್ಲ.

ಡಲ್ಲಾಸ್ ಪರ ವಾದಿಸುವವರ ದೊಡ್ಡ ಮಾತು ಸೂಪರ್‌ಮ್ಯಾಕ್ಸ್. ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ಕೊಡುವ ಹೊರೆ ತಪ್ಪಿತಲ್ಲ ಎನ್ನುತ್ತಾರೆ. ಸೂಪರ್‌ಮ್ಯಾಕ್ಸ್ ಅಂದರೆ ಸ್ಟಾರ್ ಒಬ್ಬನಿಗೆ ಕೊಡಬಹುದಾದ ಗರಿಷ್ಠ ಸಂಬಳ, ಕ್ಯಾಪ್‌ನ ಶೇ 35. ಡಾನ್ಚಿಚ್‌ಗೆ ಅಷ್ಟನ್ನೂ ಕೊಟ್ಟರೂ 45 ಕಳೆ 35, ವರ್ಷಕ್ಕೆ 10 ಮಿಗುತ್ತಿತ್ತು. ಡೇವಿಸ್‌ಗೆ 2025-26ರಲ್ಲಿ ಕೊಡಬೇಕಾಗಿದ್ದುದೂ ಅದೇ ಶೇ 35. ಉಳಿತಾಯ ಅನ್ನುವುದು ಎಲ್ಲಿದೆ? ಡಾನ್ಚಿಚ್ ಮುಂದೆ ಲೇಕರ್ಸ್‌ ಜೊತೆ ಮೂರು ವರ್ಷಕ್ಕೆ 16.5 ಕೋಟಿಗೆ ಸಹಿ ಹಾಕಿದ್ದು ಆ ಕಡೆಯ ಮಿಗತೆಯನ್ನು ಇನ್ನೂ ಗಟ್ಟಿ ಮಾಡಿತು.

ವಿಧಾನದ ಬೆನ್ನೆಲುಬು ಇಲ್ಲಿಂದ ಶುರು. ಒಂದು ತಂಡದ ಲಾಭವನ್ನು ಎದುರಿನ ತಂಡಕ್ಕೆ ಹೋಲಿಸಿ ತೂಗಬಾರದು, ಆ ತಂಡ ಟ್ರೇಡ್ ಮಾಡದೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಅದಕ್ಕೆ ಹೋಲಿಸಿ ತೂಗಬೇಕು. ಆದ್ದರಿಂದ ಪ್ರತಿ ತಂಡಕ್ಕೂ ಎರಡು ಕಾಲಮ್: ಮಾಡಿದರೆ, ಮಾಡದಿದ್ದರೆ. ಮೂರನೆಯ ಕಾಲಮ್ ಅದೃಷ್ಟಕ್ಕೆ. ಡಲ್ಲಾಸ್ 39-43ಕ್ಕೆ ಕುಸಿದು, ಕೇವಲ ಶೇ 1.8 ಸಾಧ್ಯತೆಯಲ್ಲಿ 2025ರ ಲಾಟರಿ (ಪ್ಲೇಆಫ್ ತಪ್ಪಿದ ತಂಡಗಳಲ್ಲಿ ಮೊದಲ ಪಿಕ್ ಯಾರಿಗೆ ಎಂದು ತೀರ್ಮಾನಿಸುವ ಅದೃಷ್ಟದ ಆಟ) ಗೆದ್ದು ಕೂಪರ್ ಫ್ಲ್ಯಾಗ್‌ನನ್ನು ಪಡೆಯಿತು. ಟ್ರೇಡ್ ಆಗದಿದ್ದರೆ ಫ್ಲ್ಯಾಗ್ ಸಿಗುತ್ತಿರಲಿಲ್ಲ ಎಂದು ಇಡೀ ಫ್ಲ್ಯಾಗನ್ನೇ ಟ್ರೇಡ್‌ನ ಜಮೆಗೆ ಹಾಕುವವರಿದ್ದಾರೆ. ಒಂದನೇ ಪಿಕ್‌ನ ನಾಲ್ಕು ವರ್ಷದ ಮಿಗತೆಯನ್ನು ಧಾರಾಳವಾಗಿ 60 ಅಂಕ ಅಂದುಕೊಳ್ಳಿ. ಶೇ 1.8ರಿಂದ ಗುಣಿಸಿದರೆ ಒಂದು ಅಂಕ ಚಿಲ್ಲರೆ. ಟ್ರೇಡ್‌ಗೆ ಸಲ್ಲುವುದು ಅಷ್ಟೇ, ಉಳಿದ 59 ಅದೃಷ್ಟದ ಕಾಲಮ್ಮಿಗೆ. ಆ ಕುಸಿತದಲ್ಲಿ ಮಾರ್ಚ್‌ನಲ್ಲಿ ಕೈರಿ ಅರ್ವಿಂಗ್‌ನ ಮೊಣಕಾಲಿನ ಎಸಿಎಲ್ ಹರಿದದ್ದಕ್ಕೂ ಪಾಲಿದೆ, ಅದು ಟ್ರೇಡ್‌ನ ಖಾತೆಗೆ ಬರುವುದೇ ಇಲ್ಲ. ನಿರ್ಧಾರ ಬೇರೆ, ಲಾಟರಿಯ ಚೆಂಡು ಬೇರೆ. ಟ್ರೇಡ್ ಮಾಡಿದ ಜನರಲ್ ಮ್ಯಾನೇಜರ್ ನೀಕೋ ಹ್ಯಾರಿಸನ್‌ನನ್ನು ಫ್ಲ್ಯಾಗ್ ಬಂದ ಮೇಲೂ ಅದೇ ನವೆಂಬರ್‌ನಲ್ಲಿ ಕೆಲಸದಿಂದ ತೆಗೆದರು.

ಇನ್ನು ಪಿಕ್‌ಗಳು. ಹೆಚ್ಚಿನ ಲೆಕ್ಕಗಳು ಮುರಿದುಬೀಳುವುದು ಇಲ್ಲೇ. ನಾಲ್ಕು ಪಿಕ್ ಅಂದರೆ ನಾಲ್ಕು ಸಮನಾದ ವಸ್ತುಗಳಲ್ಲ. ಒಂದೊಂದು ಪಿಕ್‌ನ ವರ್ಷದ ಎದುರಿಗೂ ಕೊಂಡ ಆಟಗಾರನ ಆ ವರ್ಷದ ವಯಸ್ಸನ್ನು, ತಂಡದ ಮುಖ್ಯ ಆಟಗಾರನ ವಯಸ್ಸನ್ನು ಬರೆಯುತ್ತೇನೆ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ ಬಾಸ್ಟನ್‌ನಿಂದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್, ಜೇಸನ್ ಟೆರಿಯನ್ನು ತಂದು 2014, 2016, 2018ರ ಪಿಕ್‌ಗಳನ್ನೂ 2017ರ ಸ್ವಾಪನ್ನೂ ಕೊಟ್ಟಿತು. ಗಾರ್ನೆಟ್‌ಗೆ ಆಗಲೇ 37. 2016ರ ಎದುರು 40, 2018ರ ಎದುರು 42. ಕೊಂಡವನು ಮನೆಗೆ ಹೋದ ಮೇಲೆ ಬಾಕಿ ತೀರಿಸುವ ಪಿಕ್ ಇವು, ಇವಕ್ಕೆ ಲಾಟರಿಯ ಬೆಲೆಯನ್ನೇ ಹಾಕಬೇಕು. ಪಿಯರ್ಸ್ ಒಂದೇ ಸೀಸನ್ ಆಡಿ ಹೊರಟ. ಬ್ರೂಕ್ಲಿನ್‌ಗೆ ಸಿಕ್ಕಿದ್ದು ಪ್ಲೇಆಫ್‌ನಲ್ಲಿ ಟೊರಾಂಟೊ ಎದುರು ಒಂದು ಸರಣಿ. ಅದರ ಮೇಲೆ ಆ ಒಂದು ಸೀಸನ್‌ಗೆ ಸುಮಾರು 9 ಕೋಟಿ ಡಾಲರ್ ಲಕ್ಷುರಿ ಟ್ಯಾಕ್ಸ್ (ಸಂಬಳದ ಮೊತ್ತ ಮಿತಿಮೀರಿದ ತಂಡ ಲೀಗ್‌ಗೆ ಕಟ್ಟುವ ದಂಡ). ಟ್ಯಾಕ್ಸನ್ನು ಬಿಟ್ಟು ಈ ಟ್ರೇಡ್ ತೂಗಿದ ಲೇಖನಗಳನ್ನು ನಾನು ಪೂರ್ತಿ ಓದುವುದೇ ಇಲ್ಲ.

ಅದೇ ಪರೀಕ್ಷೆಯನ್ನು ಮಿನೆಸೋಟಕ್ಕೆ ಹಾಕಿ. 2029ರಲ್ಲಿ ಗೊಬೇರ್‌ಗೆ 37, ಆದರೆ ಆಂಥನಿ ಎಡ್ವರ್ಡ್ಸ್‌ಗೆ ಆಗಿನ್ನೂ 27. ಅವನಿರುವ ತನಕ ಪಿಕ್ ಕೆಳಕ್ಕೇ ಬೀಳುತ್ತದೆ, 2029ರದ್ದಕ್ಕೆ ಟಾಪ್ 5 ಪ್ರೊಟೆಕ್ಷನ್ ಬೇರೆ ಇದೆ, ಅಂದರೆ ಮೊದಲ ಐದರೊಳಗೆ ಬಿದ್ದರೆ ಕೊಡಬೇಕಾಗಿಲ್ಲ. ನೆಟ್ಸ್ ಕಥೆಯೇ ಮತ್ತೆ ಎಂದವರು ಈ ಒಂದು ಸಾಲು ಬರೆದು ನೋಡಿದ್ದರೆ ಸಾಕಿತ್ತು. ಇದೇ ಕಾರಣಕ್ಕೆ ಡಲ್ಲಾಸ್ ಪಡೆದ 2029ರ ಲೇಕರ್ಸ್ ಪಿಕ್ ಕೂಡ ಸಪ್ಪೆ. ತಾನೇ ಕೊಟ್ಟ ಡಾನ್ಚಿಚ್ ಆ ಬೇಸಿಗೆಗೆ 30ರ ಹರೆಯದಲ್ಲಿ ಲೇಕರ್ಸ್‌ನಲ್ಲಿದ್ದರೆ ಪಿಕ್ 20ರ ಆಚೆಗೆ ಹೋಗುತ್ತದೆ.

ಮೂರನೇ ವರ್ಷದಿಂದಾಚೆಯ ಪಿಕ್‌ಗೆ ತಂಡದ ಈಗಿನ ಸ್ಥಿತಿಗೆ ಅರ್ಧ, ಲೀಗ್ ಸರಾಸರಿಗೆ ಅರ್ಧ ತೂಕ ಕೊಡುವುದು ನನ್ನ ರೂಢಿ. ಒಂದೊಂದು ವರ್ಷಕ್ಕೂ ಈ ತೂಕ ಹೇಗೆ ಜಾರಬೇಕು ಎಂಬ ಪಟ್ಟಿ ನನ್ನ ಹತ್ತಿರವೇ ಇರಲಿ. ಸ್ಟಾರ್ ಒಬ್ಬನಿಗೆ ಮಿಗತೆಯ ಮೇಲೆ ಹಾಕುವ ಹೆಚ್ಚುವರಿ ಗುಣಕವನ್ನೂ ಇಲ್ಲಿ ಹೇಳುವುದಿಲ್ಲ. ಎರಡನ್ನೂ ಕೂಡಿಸಲು ತುಂಬ ರಾತ್ರಿ ಹಿಡಿದಿದೆ.

ಸ್ವಾಪನ್ನು ಜನ ಚಿಲ್ಲರೆ ಎಂದುಕೊಳ್ಳುತ್ತಾರೆ. 2016-17ರಲ್ಲಿ ಬ್ರೂಕ್ಲಿನ್ 20-62ರೊಂದಿಗೆ ಲೀಗ್‌ನಲ್ಲೇ ಕೊನೆ, ಬಾಸ್ಟನ್ 53 ಗೆದ್ದು ಈಸ್ಟ್‌ನಲ್ಲಿ ಮೊದಲು. ಸ್ವಾಪ್‌ನಿಂದ 27ನೇ ಪಿಕ್ ಕೊಟ್ಟು 1ನೇ ಪಿಕ್ ತೆಗೆದುಕೊಂಡಿತು. ಅದನ್ನು ಫಿಲಡೆಲ್ಫಿಯಕ್ಕೆ ಕೊಟ್ಟು 3ನೇ ಪಿಕ್ ಜೊತೆಗೆ ಮುಂದಿನದೊಂದು ಮೊದಲ ಸುತ್ತಿನ ಪಿಕ್ ಪಡೆಯಿತು, 3ರಲ್ಲಿ ಜೇಸನ್ ಟೇಟಮ್ ಬಂದ. ಸ್ವಾಪ್‌ಗೆ ಬೆಲೆ ಕಟ್ಟುವಾಗ ಎರಡು ತಂಡಗಳ ಗೆಲುವಿನ ಅಂತರ ಎಷ್ಟು ಅಗಲವಾಗಬಹುದು ಎನ್ನುವುದನ್ನು ನೋಡಿ. ಎರಡೂ ಮಧ್ಯಮ ತಂಡಗಳಾದರೆ ಸೊನ್ನೆಗೆ ಹತ್ತಿರ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಇನ್ನೊಂದು ತೊಡಕು. ಪಡೆದ ಪಿಕ್ ಮತ್ತೆ ಬೇರೆ ಟ್ರೇಡ್‌ಗೆ ಹೋದರೆ ಆ ದಿನದ ಬೆಲೆಗೆ ಅದನ್ನು ಜಮೆ ಮಾಡಿ ಸಾಲನ್ನು ಮುಚ್ಚಿಬಿಡಿ. ಬ್ರೂಕ್ಲಿನ್‌ನ 2018ರ ಪಿಕ್ ಅರ್ವಿಂಗ್ ಟ್ರೇಡ್‌ನಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋಯಿತು, ಅಲ್ಲಿಗೆ ಮುಗಿಯಿತು. ಬೆನ್ನುಹತ್ತಿ ಹೋದರೆ ಒಂದೇ ಮಿಗತೆ ಎರಡು ಟ್ರೇಡ್‌ಗಳಲ್ಲಿ ಎಣಿಕೆಗೆ ಬರುತ್ತದೆ. ಹಾಗೆಯೇ ಡ್ರಾಫ್ಟ್‌ನಲ್ಲಿ ಆರಿಸಿದ ಜಾಣ್ಮೆ ಟ್ರೇಡ್‌ನದ್ದಲ್ಲ. 2019ರ ಜುಲೈನಲ್ಲಿ ಕ್ಲಿಪ್ಪರ್ಸ್ ತಂಡ ಒಕ್ಲಹೋಮದ ಪಾಲ್ ಜಾರ್ಜ್‌ಗಾಗಿ ಶೇ ಗಿಲ್ಜಸ್-ಅಲೆಕ್ಸಾಂಡರ್, ಡನೀಲೊ ಗಲಿನಾರಿ, ಐದು ಮೊದಲ ಸುತ್ತಿನ ಪಿಕ್, ಎರಡು ಸ್ವಾಪ್ ಕೊಟ್ಟಿತು. 2022ರ ಪಿಕ್ 12ನೆಯದಾಗಿ ಜೇಲನ್ ವಿಲಿಯಮ್ಸ್ ಆದ. ಟ್ರೇಡ್‌ನ ಜಮೆಗೆ 12ನೇ ಜಾಗದ ಸರಾಸರಿ ಬೆಲೆ ಮಾತ್ರ, ಮಿಕ್ಕದ್ದು ಒಕ್ಲಹೋಮದ ಸ್ಕೌಟ್‌ಗಳದ್ದು. ಗಿಲ್ಜಸ್-ಅಲೆಕ್ಸಾಂಡರ್ ಹಾಗಲ್ಲ: ಅವನು ಕೈ ಬದಲಾದದ್ದೇ ಆಟಗಾರನಾಗಿ. ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ 10.8 ಪಾಯಿಂಟ್ ಹೊಡೆದಿದ್ದ, 21 ತುಂಬಿರಲಿಲ್ಲ. 2025ರಲ್ಲಿ ಎಂವಿಪಿ (ಸೀಸನ್‌ನ ಅತ್ಯುತ್ತಮ ಆಟಗಾರ), ಫೈನಲ್ಸ್ ಎಂವಿಪಿ, ಚಾಂಪಿಯನ್ ಮೂರೂ ಆದ. ಕ್ಲಿಪ್ಪರ್ಸ್‌ನ ‘ಮಾಡದಿದ್ದರೆ’ ಕಾಲಮ್ಮಿನಲ್ಲಿ ಕವಾಯ್ ಲೆನರ್ಡ್ ಇಲ್ಲ, ಏಕೆಂದರೆ ಅವನು ಬಂದದ್ದು ಜಾರ್ಜ್ ಬರುವುದಕ್ಕೆ ಅಂಟಿಕೊಂಡೇ. ಒಂದರ ಬೆಲೆಗೆ ಇಬ್ಬರನ್ನು ಕೊಂಡ ಹಾಗೆ ಬರೆಯಬೇಕು. 2021ರಲ್ಲಿ ಆ ಫ್ರಾಂಚೈಸಿ ಮೊದಲ ಬಾರಿ ವೆಸ್ಟ್ ಫೈನಲ್ ಆಡಿತು. ಹೀಗೆ ಬರೆದರೂ ಕ್ಲಿಪ್ಪರ್ಸ್ ನಷ್ಟದಲ್ಲೇ ಮುಗಿಯುತ್ತದೆ, 2024ರಲ್ಲಿ ಜಾರ್ಜ್ ಫಿಲಡೆಲ್ಫಿಯಕ್ಕೆ ಹೋದಾಗ ಕೈಗೆ ಏನೂ ಬರಲಿಲ್ಲ. ಆದರೆ ಬೈದಾಡಿಕೊಂಡಷ್ಟು ದೊಡ್ಡ ನಷ್ಟವಲ್ಲ.

ಕುತೂಹಲಕ್ಕೆ ಈ ಶೀಟನ್ನು ಐಪಿಎಲ್‌ಗೂ ಹಚ್ಚಿದೆ. 2024ರ ಸೀಸನ್‌ಗೆ ಮುಂಚೆ ಆರ್‌ಸಿಬಿ 17.5 ಕೋಟಿ ರೂಪಾಯಿಗೆ ಮುಂಬೈಯಿಂದ ಕ್ಯಾಮರನ್ ಗ್ರೀನ್‌ನನ್ನು ತಂದದ್ದು ಬರೀ ಹಣದ ಟ್ರೇಡ್. ಅಲ್ಲಿ ಪಿಕ್ ಇಲ್ಲ, ಬಹುವರ್ಷದ ಒಪ್ಪಂದ ಇಲ್ಲ. ಮರುವರ್ಷಕ್ಕೆ ಮೆಗಾ ಹರಾಜು ಬಹುತೇಕ ಎಲ್ಲವನ್ನೂ ಒರೆಸಿಬಿಡುವುದರಿಂದ ತೂಗಬೇಕಾದದ್ದು ಒಂದೇ ಸೀಸನ್ ಮತ್ತು ಹರಾಜಿನ ಪರ್ಸ್‌ನಲ್ಲಿ ಹೋದ ದುಡ್ಡು. ಮುಂಬೈಗೆ ಆ ಪರ್ಸ್ ಹಾರ್ದಿಕ್ ಪಾಂಡ್ಯಗೆ ಜಾಗ ಮಾಡಿಕೊಟ್ಟಿತು. ಶೀಟ್‌ನ ಮುಕ್ಕಾಲು ಕಾಲಮ್ ಖಾಲಿ ಉಳಿದವು, ಅಲ್ಲಿಗೇ ಬಿಟ್ಟೆ.

ಈಗ ತೂಗಲು ಕೂರುವವರು ಏಪ್ರನ್ (ಕ್ಯಾಪ್‌ಗಿಂತ ಮೇಲಿನ, ದಾಟಿದರೆ ನಿರ್ಬಂಧ ಬೀಳುವ ಸಂಬಳದ ಗೆರೆ) ಕಾಲಮ್ ಸೇರಿಸಲೇಬೇಕು. 2025-26ಕ್ಕೆ ಎರಡನೇ ಏಪ್ರನ್ 20.78 ಕೋಟಿ ಡಾಲರ್. ಅದನ್ನು ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನು ತರುವಂತಿಲ್ಲ, ಟ್ರೇಡ್‌ನಲ್ಲಿ ಹಣ ಕಳಿಸುವಂತಿಲ್ಲ. ಅಂಥ ತಂಡ ಒಬ್ಬ ಒಳ್ಳೆಯ ಆಟಗಾರನನ್ನು ಕಡಿಮೆಗೆ ಕೊಟ್ಟರೆ ಸೋತಿತು ಎಂದು ತಕ್ಷಣ ಬರೆಯಬೇಡಿ. 2025ರ ಬೇಸಿಗೆಯಲ್ಲಿ ಬಾಸ್ಟನ್ ಜ್ರೂ ಹಾಲಿಡೇಯನ್ನು ಪೋರ್ಟ್‌ಲೆಂಡ್‌ಗೂ ಪೋರ್ಜಿಂಗಿಸ್‌ನನ್ನು ಅಟ್ಲಾಂಟಾಗೂ ಕಳಿಸಿ ಆ ಗೆರೆಯಿಂದ ಕೆಳಗಿಳಿಯಿತು. ಅಲ್ಲಿ ಕೊಂಡದ್ದು ಆಟಗಾರನನ್ನಲ್ಲ, ಮುಂದೆ ಟ್ರೇಡ್ ಮಾಡುವ ಸ್ವಾತಂತ್ರ್ಯವನ್ನು. ಅದಕ್ಕೆ ನಾನು 8ರಿಂದ 10 ಅಂಕ ಕೊಡುತ್ತೇನೆ, ಟ್ಯಾಕ್ಸ್ ಉಳಿತಾಯ ಅದರ ಮೇಲೆ ಪ್ರತ್ಯೇಕ.

2029ರ ಜೂನ್‌ನ ಎದುರು ನನ್ನ ಶೀಟ್‌ನಲ್ಲಿ ಎರಡು ಸಾಲು ತೆರೆದೇ ಇವೆ: ಡಲ್ಲಾಸ್ ಪಡೆದ ಲೇಕರ್ಸ್ ಪಿಕ್‌ಗೆ 4 ಅಂಕ, ಯೂಟಾ ಪಡೆದ ಮಿನೆಸೋಟ ಪಿಕ್‌ಗೆ 5.